ಮುಂಬಾಗಿಲ ಈಚಲು

ಹುಲಿಗೆಮ್ಮನಿಗೆ ಮರಗಳ ಮೇಲೆ ಹೊಟ್ಟೆಕಿಚ್ಚು. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಮನುಷ್ಯರ ಮೇಲೆ ಹೊಟ್ಟೆಕಿಚ್ಚು ಪಟ್ಟೂ ಪಟ್ಟೂ ಅವಳಿಗೆ ಸಾಕಾಗಿತ್ತು. ಬಂಗಲೆ ಕಂಡರೆ, ಕಾರು ಕಂಡರೆ, ಕೊರಳ ತುಂಬ ಚಿನ್ನ ಕಂಡರೆ ಈಗ ಏನೂ ಅನ್ನಿಸುತ್ತಿರಲಿಲ್ಲ. ಆದರೆ ರಾಜಶೇಖರ್ ಅವರ ಹೊಸ ಮನೆಯ ಮುಂದೆ ಸಾಲಾಗಿ ನಿಂತ ಆ ಪಾಮ್ ಮರಗಳನ್ನು ನೋಡಿದರೆ ಹೊಟ್ಟೆಯೊಳಗೆ ಬೆಂಕಿ ಬಿದ್ದಂತಾಗುತ್ತಿತ್ತು.

ಯಾಕಾಗಬಾರದು? ಮರಗಳು ಆಂಧ್ರದಿಂದ ಲಾರಿಯಲ್ಲಿ ಮಲಗಿಕೊಂಡು ಬಂದವು. ಹುಲಿಗೆಮ್ಮ ಜವನಗೊಂಡನಹಳ್ಳಿ ಕಡೆಯಿಂದ ದಿನಾ ಟೆಂಪೋದಲ್ಲಿ ನಿಂತುಕೊಂಡು ಬರುತ್ತಿದ್ದಳು. ಮರಗಳ ಬುಡಕ್ಕೆ ಒದ್ದೆ ಗೋಣಿ ಸುತ್ತಿದ್ದರು. ತಲೆಯ ಮೇಲೆ ಹಸಿರು ಬಲೆ ಕಟ್ಟಿದ್ದರು. ಹುಲಿಗೆಮ್ಮನ ತಲೆಯ ಮೇಲೆ ಸಿಂಬಿ ಇತ್ತು, ಸಿಂಬಿಯ ಮೇಲೆ ಕೆಮ್ಮಣ್ಣಿನ ಬಾಂಡ್ಲಿ ಇತ್ತು, ಅದರ ಮೇಲೆ ಹಿರಿಯೂರಿನ ಬಿಸಿಲು ಇತ್ತು. ಮರಗಳಿಗೆ ಟ್ಯಾಂಕರಿನಲ್ಲಿ ಸಿಹಿನೀರು ಬರುತ್ತಿತ್ತು. ಕೂಲಿಯವರು ಮನೆಯಿಂದ ಬಾಟಲಿಯಲ್ಲಿ ನೀರು ತರಬೇಕು. ಅದು ಮುಗಿದರೆ ಗಾರೆ ಕಲಸುವ ಡ್ರಮ್ಮಿನ ನೀರು.

ಒಂದು ದಿನ ಅವಳು ಮರಕ್ಕೆ ಬಿಡುತ್ತಿದ್ದ ಪೈಪಿಗೆ ಬಾಯಿ ಕೊಟ್ಟಳು. ಕೆಲಸದ ಉಸ್ತುವಾರಿ ಮಂಜಣ್ಣ ಓಡಿ ಬಂದ.

"ಏ ಹುಲಿಗೆವ್ವ, ಬಾಯಿ ಹಚ್ಚಬ್ಯಾಡ ಕಣೆ. ಅಮ್ಮಾರು ಮಹಡಿ ಮ್ಯಾಗಿಂದ ನೋಡ್ತಾರೆ. ಆ ಪೈಪ್ನಾಗೆ ಅವ್ರು ತುಳಸಿಗೂ ನೀರು ಬಿಡ್ತಾರೆ."

ಮಂಜಣ್ಣ ಕೆಟ್ಟವನಲ್ಲ. ಕುರಿ ಕಾಯುವವರ ಹಟ್ಟಿಯಿಂದ ಬಂದವನು, ಬೈಯುವಾಗಲೂ ನೆಲ ನೋಡಿಕೊಂಡು ಬೈಯುತ್ತಿದ್ದ. ಮೊದಲ ದಿನವೇ ಅವನು ಎಲ್ಲರನ್ನೂ ನಿಲ್ಲಿಸಿ ಹೇಳಿದ್ದ: "ಹೆಣ್ಣಾಳು ಗಂಡಾಳು ಯಾರೇ ಆಗ್ಲಿ, ಹಿಂದ್ಲ ಗೇಟ್ನಾಗೆ ಬರ್ಬೇಕು, ಹಿಂದ್ಲ ಗೇಟ್ನಾಗೆ ಹೋಗ್ಬೇಕು. ಮುಂದ್ಲ ಗೇಟು ಮನೆಯೋರಿಗೆ."

"ಮರ ಯಾವ ಗೇಟ್ನಾಗೆ ಬರ್ತಾವಣ್ಣ?" ಎಂದು ಹುಲಿಗೆಮ್ಮ ಕೇಳಿದ್ದಳು.

"ಮುಂದ್ಲದ್ರಾಗೇ. ಮತ್ತೆ ಅವುನ್ನ ಹಿಂದ್ಲಿಂದ ಹೊತ್ಕಂಡ್ ಬರಾಕಾಗ್ತೈತಾ?"

ಹಿಂದಿನ ಗೇಟೆಂದರೆ ತಂತಿ ಕಟ್ಟಿದ ತಗಡು. ಅಲ್ಲಿಂದ ಒಳಗೆ ಬರಲು ಸಿಮೆಂಟಿನ ರಾಡಿ ತುಳಿಯಬೇಕು, ಮನೆಯ ಹೊಲಸು ಹೋಗುವ ಗುಂಡಿ ದಾಟಬೇಕು. ಅದರಾಚೆ ಜಾಲಿ ಪೊದೆ. ಹೆಣ್ಣಾಳುಗಳು ಕೂರಬೇಕಾದರೆ ಆ ಪೊದೆಗೇ ಹೋಗಬೇಕು. ಮನೆಯೊಳಗೆ ಕೋಣೆಗೊಂದರಂತೆ ಕಕ್ಕಸು ಕಟ್ಟಿದ್ದರು. ಆ ಕಕ್ಕಸುಗಳ ಹಾಸುಗಲ್ಲನ್ನು ಹೊತ್ತವರಲ್ಲಿ ಹುಲಿಗೆಮ್ಮನೂ ಒಬ್ಬಳು. ಹೊರುವಾಗ ಒಳಗೆ ಹೋಗಬಹುದಿತ್ತು. ಕೆಲಸ ಮುಗಿದ ಮೇಲೆ ಹೊಸ್ತಿಲು ಮೈಲಿಗೆಯಾಗುತ್ತದೆ.

ರಾಜಶೇಖರ್ ಅವರಿಗೆ ಜಲ್ಲಿ ಕ್ರಷರ್‌ಗಳಿದ್ದವು. ಗುಡ್ಡ ಒಡೆದು ಮಾರಿದ ದುಡ್ಡಿನಲ್ಲಿ ಹೈವೇ ಪಕ್ಕ ಮನೆ ಕಟ್ಟಿಸಿದ್ದರು. ಅವರ ಹೆಂಡತಿ ಅನುಪಮಾ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ತೋಟಕ್ಕೆ ಇಳಿಯುತ್ತಿದ್ದಳು. ಒಂದೊಂದೇ ಮರದ ಹತ್ತಿರ ನಿಂತು ಮೈಸವರುತ್ತಿದ್ದಳು. "ಹೇಗಿದೀಯ ಚಿನ್ನ? ರಾತ್ರಿ ನಿದ್ದೆ ಬಂತಾ?" ಎನ್ನುತ್ತಿದ್ದಳು. ಮರ ಏನೂ ಹೇಳುತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಗರಿಗಳ ಧೂಳು ಒರೆಸುತ್ತ ಕೂತಿರುತ್ತಿದ್ದ ಹುಲಿಗೆಮ್ಮ ಮಾತ್ರ ಮನಸ್ಸಿನಲ್ಲೇ, ನನಗೆ ಬರಲಿಲ್ಲ ಕಣಮ್ಮ, ಸೊಂಟ ಹಿಡಿದಿತ್ತು, ಎನ್ನುತ್ತಿದ್ದಳು. ಅವಳನ್ನು ಯಾರೂ ಕೇಳಿರಲಿಲ್ಲ. ಅನುಪಮಾಗೆ ಅವಳ ಹೆಸರೂ ಗೊತ್ತಿರಲಿಲ್ಲ. "ಏ ಇವಳೇ" ಎಂದರೆ ಅವಳು ತಿರುಗಿ ನೋಡಬೇಕಿತ್ತು.

ಅನುಪಮಾ ಒಮ್ಮೆ ಬಾಳೆಹಣ್ಣು ಕೊಟ್ಟಳು. ಹುಲಿಗೆಮ್ಮ ಬೊಗಸೆ ಒಡ್ಡಿದಳು. ಹಣ್ಣು ಮೇಲಿನಿಂದ ಬಿತ್ತು. ಬೇಕೆಂದೇ ಎತ್ತರದಿಂದ ಹಾಕಿದ್ದಲ್ಲ. ಹಾಗೆ ಹಾಕಿ ಹಾಕಿ ಆ ಕೈಗೆ ರೂಢಿಯಾಗಿತ್ತು, ಅಷ್ಟೇ. ಹಣ್ಣು ಹಾಕಿದ ಅದೇ ಕೈ ಪಕ್ಕದ ಮರದ ಸೊಂಟ ಬಳಸಿತು. ಹಣ್ಣು ಸಿಹಿಯಾಗಿತ್ತು. ಹುಲಿಗೆಮ್ಮನಿಗೆ ಮರವನ್ನು ಕಚ್ಚಬೇಕು ಅನ್ನಿಸಿತು.

ಆ ಮನೆಯ ಬಾಗಿಲಿಗೂ ಮುಂದಿನ ಗೇಟಿಗೂ ನಡುವೆ ಒಂದು ಜಾಗ ಖಾಲಿ ಬಿಟ್ಟಿದ್ದರು. ಅಲ್ಲಿಗೆ ವಿಶೇಷವಾದ ಮರ ಬೇಕು ಎಂದು ಅನುಪಮಾ ಹಟ ಹಿಡಿದಿದ್ದಳು. ಈಗಿನ ದೊಡ್ಡ ಮನೆಗಳಲ್ಲಿ ನಾಡ ಮರ ನೆಡುವುದು ಹೊಸ ಶೋಕಿಯಂತೆ. ಒಂದು ಮಧ್ಯಾಹ್ನ ಕ್ರೇನಿನ ಲಾರಿ ಆ ಮರ ಹೊತ್ತು ತಂದಿತು. ನೋಡಿದರೆ ಈಚಲು.

ಹುಲಿಗೆಮ್ಮ ಬಾಂಡ್ಲಿ ಕೆಳಗಿಟ್ಟು ನಕ್ಕುಬಿಟ್ಟಳು. ಪಕ್ಕದಲ್ಲಿ ಗುಂಡಿ ತೋಡುತ್ತಿದ್ದ ಕಾಟಲಿಂಗಪ್ಪನೂ ನಕ್ಕ. ಅವನು ಅವಳ ಕೇರಿಯವನೇ, ಸೋದರಮಾವನ ವರಸೆ. ಅವರ ಕೇರಿಯ ಹೊಟ್ಟೆಪಾಡೇ ಈಚಲು. ಹಳ್ಳದ ಬದಿಯ ಗರಿ ಕುಯ್ದು, ಸೀಳಿ, ಚಾಪೆ ಹೆಣೆಯುವುದು, ಪೊರಕೆ ಕಟ್ಟುವುದು. ಆ ಪೊರಕೆ ಊರ ಎಲ್ಲರ ಮನೆಯೊಳಗೂ ಹೋಗುತ್ತಿತ್ತು, ದೇವರ ಮನೆಗೂ ಹೋಗುತ್ತಿತ್ತು. ಕಟ್ಟಿದವರು ಮಾತ್ರ ಅಂಗಳದಲ್ಲಿ ನಿಲ್ಲುತ್ತಿದ್ದರು.

"ನೋಡ್ದ್ಯಾ ಮಾವ, ಪೊರಕೆ ಮರಕ್ಕೂ ಮುಂದ್ಲ ಗೇಟು!"

"ಅದ್ರ ನಸೀಬು ಕಣವ್ವ."

ನಗು ಅರ್ಧದಲ್ಲೇ ನಿಂತಿತು. ಹುಲಿಗೆಮ್ಮ ಮರವನ್ನು ಸರಿಯಾಗಿ ನೋಡಿದ್ದಳು. ಅದಕ್ಕೆ ತುಂಬು ತಲೆ ಇತ್ತು. ಒಣಗಿದ ಗರಿಗಳು ಕೂಡ ಕತ್ತಿ ಕಾಣದೆ, ನೆರಿಗೆ ಬಿಟ್ಟ ಸೀರೆಯ ಹಾಗೆ ಕೆಳಗೆ ಜೋತುಬಿದ್ದಿದ್ದವು. ಹಳ್ಳದ ಬದಿಯ ಈಚಲೆಲ್ಲ ಬೋಳು. ಗರಿ ಬಂದ ಹಾಗೆಲ್ಲ ಕೇರಿಯವರು ಕುಯ್ಯುತ್ತಾರೆ. ಕುಯ್ಯದೆ ಬಿಡುವ ಮರಗಳು ಒಂದೇ ಕಡೆ ಇದ್ದವು.

ಕೇರಿಯಲ್ಲಿ ಯಾರಾದರೂ ಸತ್ತರೆ ಅವರು ಹೆಣೆದ ಚಾಪೆಯಲ್ಲೇ ಸುತ್ತಿ ಹಳ್ಳದ ಬದಿಗೆ ಹೂಳುತ್ತಿದ್ದರು. ಗರಿ ಸೀಳುವ ಚೂರಿಯನ್ನು ಎದೆಯ ಮೇಲೆ ಇಡುತ್ತಿದ್ದರು. ಕಲ್ಲು ನೆಡುತ್ತಿರಲಿಲ್ಲ, ಕಲ್ಲು ಕೆತ್ತಿಸುವ ಶಕ್ತಿ ಯಾರಿಗಿತ್ತು? ತಲೆಯ ಹತ್ತಿರ ಒಂದು ಹಿಡಿ ಈಚಲು ಹಣ್ಣು ಹಾಕಿ ಮಣ್ಣು ಮುಚ್ಚುತ್ತಿದ್ದರು. ಮೊಳೆತು ಬಂದ ಮರವೇ ಗುರುತು. ಆ ಮರದ ಗರಿಗೆ ಕತ್ತಿ ಹಾಕುವಂತಿಲ್ಲ. ಹೆಂಗಸಾದರೆ ಅದು ಅವಳ ಕೂದಲು.

"ಎಲ್ಲಿಂದ ತಂದ್ರಿ ಮಂಜಣ್ಣ?" ಎಂದು ಕೇಳಿದಳು.

"ನಿಮ್ ಕಡೆಯಿಂದ್ಲೇ ಕಣೆ, ಹಳ್ಳದ ಬದೀಗೆ. ಎಲ್ಲಾ ಬೋಳು ಮರ ಇದ್ವು. ಇಂಥವು ನಾಕೈದು ನಿಂತಿದ್ವು, ಇದು ಬಲು ಜೋರಾಗಿತ್ತು. ಬೀಳು ಜಾಗ, ಯಾರ್ದೂ ಅಲ್ಲ ಅಂದ್ರು. ಜೆಸಿಬಿಯಾಗೆ ಎಬ್ಬಿಸ್ಕಂಡ್ ಬಂದ್ವಿ. ಬಿಚ್ಚು ಗೋಣಿ, ಬಿಸ್ಲಿಗೆ ಬೇರು ಒಣಗ್ತೈತೆ."

ಅವಳು ಗೋಣಿ ಬಿಚ್ಚಿದಳು. ಬೇರಿನ ಮಣ್ಣಿನ ಉಂಡೆಯಿಂದ ಒಂದು ಹೆಂಟೆ ಕಳಚಿ ಅವಳ ಮಡಿಲಿಗೆ ಬಿತ್ತು. ಹೆಂಟೆಯೊಳಗೆ ತುಕ್ಕು ಹಿಡಿದ ಮೊಂಡು ಚೂರಿ ಇತ್ತು. ಹಿಡಿಗೆ ತಾಮ್ರದ ತಂತಿ ಸುತ್ತಿತ್ತು. ಆ ತಂತಿಯನ್ನು ಸುತ್ತಿದ್ದು ಅವಳೇ. ಹಿಡಿ ಸೀಳಿ ಅವ್ವನ ಅಂಗೈ ಗಾಯವಾಗಿದೆಯೆಂದು, ಕೆಟ್ಟ ಮೋಟರಿನಿಂದ ತಂತಿ ಕಿತ್ತು ಒತ್ತೊತ್ತಾಗಿ ಸುತ್ತಿ ಕೊಟ್ಟಿದ್ದಳು. ಚೂರಿ ಇದ್ದ ಜಾಗದ ಪಕ್ಕದಲ್ಲಿ ಬೇರುಗಳು ಏನನ್ನೋ ಹಿಡಿದುಕೊಂಡಿದ್ದವು. ಬೆಳ್ಳಗೆ ಇತ್ತು. ಹುಲಿಗೆಮ್ಮ ಅದನ್ನು ಅಂಗೈಯಿಂದ ಮುಚ್ಚಿದಳು.

ಕಾಟಲಿಂಗಪ್ಪ ನೋಡಿದ. ಅವಳ ಅವ್ವ ದ್ಯಾಮಮ್ಮನಿಗೆ ಗುಣಿ ತೋಡಿದವನು ಅವನೇ. ಈಗ ಈ ಗುಂಡಿಯನ್ನೂ ಅವನೇ ತೋಡಿದ್ದ.

"ಬಾಯಿ ಬಿಡಬ್ಯಾಡ," ಎಂದು ಪಿಸುಗುಟ್ಟಿದ. "ಗೊತ್ತಾತು ಅಂದ್ರೆ ಕಿತ್ತು ಎಲ್ಲಿಗಾನ ಬಿಸಾಕ್ತಾರೆ. ಎರಡು ಸಲ ಕಿತ್ತ ಮರ ಉಳಿಯಾದಿಲ್ಲ. ನಿಮ್ಮವ್ವಗೆ ನೆಲೆ ಇಲ್ದಂಗಾಗ್ತೈತೆ."

ಹುಲಿಗೆಮ್ಮ ಬಾಯಿ ಬಿಡಲಿಲ್ಲ. ಚೂರಿಯನ್ನು ಸೀರೆಯ ಮಡಿಲಿಗೆ ಕಟ್ಟಿಕೊಂಡಳು. ಕ್ರೇನು ಮರವನ್ನು ಗುಂಡಿಗೆ ಇಳಿಸಿತು. ಕೆಂಪು ಮಣ್ಣು, ಕುರಿಗೊಬ್ಬರ ಹೊತ್ತು ಹೊತ್ತು ಸುರಿದಳು. ಪಕ್ಕದಲ್ಲಿ ಮಂಜಣ್ಣ, ಗಟ್ಟಿಯಾಗಿ ತುಳಿ ಎಂದ. ಅವಳಿಂದ ತುಳಿಯಲಾಗಲಿಲ್ಲ. ಮಂಡಿಯೂರಿ ಕೈಯಿಂದ ಒತ್ತಿದಳು. ಹೆತ್ತ ತಾಯಿಯನ್ನು ಎರಡನೇ ಸಲ ಮಣ್ಣು ಮಾಡಿದಳು, ಅದೂ ಕೂಲಿಗೆ.

ಮರುದಿನ ಮರದ ಡಾಕ್ಟರು ಕಾರಿನಲ್ಲಿ ಬಂದ. ಈಚಲಿನ ಮೈಗೆ ತೂತು ಕೊರೆದ. ಒಂದು ಗೂಟಕ್ಕೆ ಔಷಧಿಯ ಬಾಟಲಿ ತೂಗುಹಾಕಿ, ಕೊಳವೆಯ ತುದಿಯನ್ನು ಆ ತೂತಿಗೆ ಸಿಕ್ಕಿಸಿದ. ಥೇಟು ಆಸ್ಪತ್ರೆಯದೇ. ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ನೆಲ ಬಿಟ್ಟು ಬಂದ ಮರ ಸೊರಗುತ್ತದೆ, ಹೀಗೆ ಹಾಕಿದರೆ ಚೇತರಿಸುತ್ತದೆ ಎಂದ. ಬಾಟಲಿ ಖಾಲಿಯಾದರೆ ಕೂಡಲೇ ಬದಲಿಸಬೇಕು ಎಂದು ಹುಲಿಗೆಮ್ಮನಿಗೇ ಹೇಳಿದ. ಅವಳು ಬಾಟಲಿ ನೋಡುತ್ತ ನಿಂತಳು.

ದ್ಯಾಮಮ್ಮ ಸತ್ತದ್ದು ವಾಂತಿಭೇದಿಯಿಂದ. ಆ ಬೇಸಿಗೆಯಲ್ಲಿ ಕೇರಿಗೆ ಇದ್ದದ್ದು ದನ ಇಳಿಯುವ ಗುಂಡಿಯ ನೀರೊಂದೇ. ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರು. ಜಗಲಿಯ ಮೇಲೇ ಮಲಗಿಸಿರಿ ಎಂದರು. ಒಳಗೆ ಮಂಚ ಖಾಲಿ ಇತ್ತು, ಹುಲಿಗೆಮ್ಮ ಕಿಟಕಿಯಿಂದ ನೋಡಿದ್ದಳು. ಗ್ಲೂಕೋಸ್ ಬಾಟಲಿ ಮುಗಿದಿದೆ, ಹೊರಗಿಂದ ತನ್ನಿ ಎಂದರು. ಅವಳು ಬರಿಗಾಲಲ್ಲಿ ಓಡಿದಳು. ಬಾಟಲಿ ಹಿಡಿದು ವಾಪಸು ಬಂದಾಗ ಅವ್ವನ ಬಾಯಿಯ ಮೇಲೆ ನೊಣ ಕೂತಿತ್ತು. ಅಂಗಡಿಯವನು ಬಾಟಲಿ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದನ್ನು ಮಡಿಲಲ್ಲಿಟ್ಟುಕೊಂಡೇ ಹೆಣದ ಜೊತೆ ಊರಿಗೆ ಬಂದಳು. ಆಮೇಲೆ ಬಹಳ ದಿನ ಅದರಲ್ಲಿ ಸೀಮೆಎಣ್ಣೆ ಹಾಕಿಟ್ಟಿದ್ದಳು.

ಈಗ ಅವ್ವನಿಗೆ ಬಾಟಲಿ ಹಾಕಿದ್ದಾರೆ. ಡಾಕ್ಟರು ಮನೆಗೇ ಬಂದಿದ್ದಾನೆ. ತಲೆಯ ಮೇಲೆ ನೆರಳಿನ ಬಲೆ ಕಟ್ಟಿದ್ದಾರೆ. ಬೆಳಿಗ್ಗೆಯಾದರೆ ಅನುಪಮಾ ಬಂದು ಸೊಂಟ ಬಳಸುತ್ತಾಳೆ. "ನೀನೇ ಕಣೇ ನನ್ನ ಮನೆಯ ಲಕ್ಷ್ಮಿ" ಎನ್ನುತ್ತಾಳೆ. ಪೊರಕೆ ಮಾರಲು ಹೋದರೆ, ಅಲ್ಲೇ ಇಟ್ಟು ದೂರ ನಿಲ್ಲು ಅನ್ನಿಸಿಕೊಂಡವಳಿಗೆ ಲಕ್ಷ್ಮಿಯ ಹೆಸರು!

ಹುಲಿಗೆಮ್ಮ ಸಂತೋಷ ಪಡಬೇಕಿತ್ತೋ ಏನೋ. ಅವಳಿಗೆ ಹೊಟ್ಟೆ ಉರಿಯಿತು. ಈ ಸಲ ಅವ್ವನ ಮೇಲೇ ಉರಿಯಿತು. ನೀನು ಸತ್ತು ಇಷ್ಟು ಗಳಿಸಿಕೊಂಡೆ, ನಾನು ಬದುಕಿ ಏನು ಕಂಡೆ? ನಿನ್ನನ್ನು ಮುಟ್ಟುತ್ತಾಳೆ, ನನ್ನ ಕೈಗೆ ಮೇಲಿಂದ ಹಾಕುತ್ತಾಳೆ. ನೀನು ಮುಂಬಾಗಿಲಲ್ಲಿ, ನಾನು ಹೊಲಸಿನ ಗುಂಡಿಯ ಹತ್ತಿರ. ನಾನೂ ಸತ್ತು ಮರವಾಗಬೇಕೇನು, ಒಂದು ಹನಿ ನೀರಿಗೆ? ಬಾಟಲಿ ಬದಲಿಸುವಾಗ ಕೊಳವೆ ಕಿತ್ತು ತನ್ನ ಬಾಯಿಗೆ ಇಟ್ಟುಕೊಂಡುಬಿಡಬೇಕು ಅನ್ನಿಸುತ್ತಿತ್ತು. ಆಮೇಲೆ ನಾಚಿಕೆಯಾಗುತ್ತಿತ್ತು. ನಾಚಿಕೆಯಾದರೂ ಉರಿ ಆರುತ್ತಿರಲಿಲ್ಲ.

ಅಷ್ಟರಲ್ಲಿ ಮಾರ್ನಮಿ ಅಮಾವಾಸ್ಯೆ ಬಂತು. ಹಿರಿಯರಿಗೆ ಎಡೆ ಇಡುವ ದಿನ. ಎಲ್ಲಿಗೆ ಹೋಗಿ ಇಡುವುದು? ಹಳ್ಳದ ಬದಿಯಲ್ಲಿ ಜೆಸಿಬಿ ತೋಡಿದ ಗುಂಡಿ ಬಾಯಿ ತೆರೆದುಕೊಂಡಿತ್ತು. ಅವಳು ಮುನ್ನಾದಿನ ಮಂಜಣ್ಣನ ಹತ್ತಿರ ಹೋಗಿ, ಎಲ್ಲವನ್ನೂ ಹೇಳಿ, ಚೂರಿ ತೋರಿಸಿದಳು. ಮಂಜಣ್ಣನ ಮುಖ ಬಿಳಿಚಿಕೊಂಡಿತು.

"ಕಲ್ಲಿಲ್ಲ, ಗೋರಿ ಇಲ್ಲ, ನಂಗೇನ್ ಗೊತ್ತವ್ವ? ತಪ್ಪಾತು." ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ. "ಒಂದ್ ಕೆಲ್ಸ ಮಾಡು. ನಾಳೆ ಕತ್ಲಾದ್ಮ್ಯಾಲೆ ಹಿಂದ್ಲ ಗೇಟ್ನಾಗೆ ಬಾ. ಯಾರಿಗೂ ಕಾಣ್ದಂಗೆ ಒಂದಿಷ್ಟು ಮಡಗಿ, ಬಳ್ಕಂಡು ಹೋಗ್ಬಿಡು. ಬಾಡು ಗೀಡು ತರಬ್ಯಾಡ."

ಹುಲಿಗೆಮ್ಮ ಹೂಂ ಎಂದು ಮನೆಗೆ ಹೋದಳು. ಹೋಗುವಾಗ ಅದೇ ರಾಡಿ ತುಳಿದಳು, ಅದೇ ಗುಂಡಿ ದಾಟಿದಳು. ತಗಡಿನ ಗೇಟು ದಾಟುವಾಗ ತಂತಿ ಕಾಲಿಗೆ ಗೀರಿತು. ಕಳ್ಳಿಯಂತೆ ಬಂದು ಅವ್ವನಿಗೆ ಎಡೆ ಇಡಬೇಕೇ? ಹೆಣವನ್ನು ಹಗಲಲ್ಲಿ ಕಿತ್ತು ತಂದವರಿಗೆ ಇಲ್ಲದ ಭಯ, ಎಡೆ ಇಡುವವಳಿಗೆ ಯಾಕೆ? ಅವಳು ಅಲ್ಲೇ ನಿಂತು ಉಗಿದಳು.

ಮರುದಿನ ಮಧ್ಯಾಹ್ನ ಹುಲಿಗೆಮ್ಮ ತಲೆಗೆ ಎರೆದುಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಪುಟ್ಟಿ ಹೊತ್ತು ಬಂದಳು. ಭಾನುವಾರ. ಗೇಟಿನ ಹೊರಗೆ ರಸ್ತೆಬದಿಯಲ್ಲಿ ಕಾರುಗಳು ನಿಂತಿದ್ದವು. ಚಿತ್ರದುರ್ಗದ ನೆಂಟರು ಹೊಸ ತೋಟ ನೋಡಲು ಬಂದಿದ್ದರು. ಅನುಪಮಾ ಈಚಲಿಗೆ ಕೈ ಊರಿ ನಿಂತು ಅದರ ವಿಷಯವನ್ನೇ ಹೇಳುತ್ತಿದ್ದಳು.

ಹುಲಿಗೆಮ್ಮ ಮುಂದಿನ ಗೇಟನ್ನು ದೂಡಿದಳು. ಅದು ಸದ್ದಿಲ್ಲದೆ ತೆರೆದುಕೊಂಡಿತು. ಎಷ್ಟು ಹಗುರ ಎಂದು ಅವಳಿಗೆ ಆಶ್ಚರ್ಯವಾಯಿತು. ನೇರ ಮರದ ಬುಡಕ್ಕೆ ಹೋಗಿ ಚಾಪೆ ಹಾಸಿದಳು, ಎಲೆ ಹಾಕಿದಳು. ರಾಗಿಮುದ್ದೆ ಇಟ್ಟಳು. ಬಾಡಿನ ಸಾರು ಬಡಿಸಿದಳು. ಅವ್ವನಿಗೆ ಇಷ್ಟವಾದ ಹೊಗೆಸೊಪ್ಪು, ಎಲೆಅಡಿಕೆ ಇಟ್ಟಳು. ಸಾರಿನ ಘಮ ತೋಟವೆಲ್ಲ ಹರಡಿತು. ನೆಂಟರು ಮೂಗಿಗೆ ಸೆರಗು ಹಿಡಿದರು.

ರಾಜಶೇಖರ್ ಒಳಗಿನಿಂದ ಓಡಿ ಬಂದರು. "ಏಯ್! ಯಾರೇ ನಿನ್ನ ಮುಂದಿನ ಗೇಟಲ್ಲಿ ಬಿಟ್ಟಿದ್ದು?"

"ಯಾರೂ ಬಿಡ್ಲಿಲ್ಲ ಸಾವ್ಕಾರ್ರೆ. ನಾನೇ ಬಂದೆ. ನಮ್ಮವ್ವನ್ನ ಇದೇ ಗೇಟ್ನಾಗೆ ಕರ್ಕಂಡ್ ಬಂದ್ರಿ. ಮಗಳು ಹಿಂದ್ಲ ಗೇಟ್ನಾಗೆ ಬಂದ್ರೆ ಚೆಂದಾಗಿರ್ತೈತಾ?"

"ಯಾವ ಅವ್ವನೇ? ಏನು ಮಾತಾಡ್ತಿದೀಯ?" ಎಂದಳು ಅನುಪಮಾ.

"ಈಕೆ. ನೀವು ದಿನಾ ಮೈ ಸವರ್ತೀರಲ್ಲ, ಈಕೆ. ದ್ಯಾಮಮ್ಮ ಅಂತ. ಪೊರಕೆ ಕಟ್ತಿದ್ಲು. ನಾವು ಹೂತಿದ್ವಿ, ನೀವು ಕಿತ್ಕಂಡ್ ಬಂದ್ರಿ." ಹುಲಿಗೆಮ್ಮ ಚೂರಿ ತೆಗೆದು ಎಲೆಯ ಪಕ್ಕ ಇಟ್ಟಳು. "ಇದು ಅವಳ ಎದೆ ಮ್ಯಾಗೆ ಇಟ್ಟಿದ್ದು. ನಿಮ್ ಗೋಣಿಯಾಗೆ ಸಿಕ್ತು. ಅವಳ ಎಲುಬು ಈ ಬೇರ್ನಾಗೇ ಐತೆ."

ಅನುಪಮಾ ಮರದಿಂದ ಕೈ ಕಿತ್ತುಕೊಂಡಳು. ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. ಲಕ್ಷ್ಮಿ ಎಂದ ಬಾಯಿ ಥೂ ಎಂದಿತು. ಹುಲಿಗೆಮ್ಮ ಅದನ್ನು ಕಣ್ಣು ಮಿಟುಕಿಸದೆ ನೋಡಿದಳು. ಇಷ್ಟು ದಿನ ಅವ್ವನ ಮೇಲೆ ಹೊತ್ತಿಕೊಂಡಿದ್ದ ಉರಿ ಆಗ ಅವ್ವನನ್ನು ಬಿಟ್ಟು ಅನುಪಮಾ ಕಡೆ ತಿರುಗಿತು. ಪಾಪ, ಅವ್ವನಿಗೂ ಏನೂ ಸಿಕ್ಕಿರಲಿಲ್ಲ. ಹೆಸರು ಗೊತ್ತಾಗುವವರೆಗೆ ಮಾತ್ರ ಸಿಕ್ಕಿತ್ತು.

"ಮಂಜಣ್ಣ!" ರಾಜಶೇಖರ್ ಕಿರುಚಿದರು. "ಕಿತ್ತು ಬಿಸಾಕಿಸು ಇದನ್ನ. ಈಗಲೇ. ಇವಳ ಕೈಲೇ ಅಗೆಸು!"

ಮಂಜಣ್ಣ ಗುದ್ದಲಿ ತಂದು ಹುಲಿಗೆಮ್ಮನ ಮುಂದೆ ಹಿಡಿದ. ಅವಳು ಮುಟ್ಟಲಿಲ್ಲ.

"ನಾನು ಅಗಿಯಲ್ಲ."

"ಅಗೀಬೇಕು! ಕೂಲಿ ತಗೊಂಡಿಲ್ವಾ ನೀನು?"

"ಮಣ್ಣು ಹೊತ್ತಿದ್ದಕ್ಕೆ ತಗಂಡೀನಿ. ಮೊದ್ಲು ಒಂದ್ಸಲ ಹೂತೆ, ಅವಾಗ ಅತ್ತೆ. ಎರಡ್ನೇ ಸಲ ಇಲ್ಲಿ ಹೂತೆ, ಅವಾಗ ಅಳಾಕೂ ಬಿಡ್ಲಿಲ್ಲ. ಮೂರ್ನೇ ಸಲ ಹೂಳಾಕೆ ನನ್ ಕೈಲಿ ಆಗಾಕಿಲ್ಲ. ತಂದೋರು ನೀವು, ನೀವೇ ಅಗೀರಿ."

ರಾಜಶೇಖರ್ ಕಾಟಲಿಂಗಪ್ಪನ ಕಡೆ ತಿರುಗಿದರು. ಪಾಮ್‌ಗಳಿಗೆ ನೀರು ಬಿಡುತ್ತಿದ್ದ ಅವನು ಪೈಪನ್ನು ಕೆಳಗೆ ಹಾಕಿದ.

"ಊರಿಗೆಲ್ಲ ಗುಣಿ ತೋಡೀನಿ ಸಾವ್ಕಾರ್ರೆ. ಹೂಳಾದು ನಮ್ ಕೆಲ್ಸ. ಕೀಳಾದು ನಮಗೆ ಬರಾದಿಲ್ಲ."

"ಹಾಗಾದ್ರೆ ನೀನು ಅಗಿಯೋ ಮಂಜಣ್ಣ!"

ಮಂಜಣ್ಣ ಗುದ್ದಲಿಯನ್ನು ಮೆಲ್ಲಗೆ ಹುಲ್ಲಿನ ಮೇಲೆ ಮಲಗಿಸಿದ. ನೆಲ ನೋಡಿಕೊಂಡೇ ಹೇಳಿದ: "ನಮ್ ಹಟ್ಟಿಯಾಗೂ ಇವತ್ತು ಹಿರೇರಿಗೆ ಎಡೆ ಐತೆ ಸಾರ್. ನಾನು ಮುಟ್ಟಲ್ಲ."

ರಾಜಶೇಖರ್ ಅವರೇ ಗುದ್ದಲಿ ಎತ್ತಿಕೊಂಡರು. ಗುಡ್ಡ ಒಡೆಸಿದವರು, ಒಂದು ಮರ ಯಾವ ಲೆಕ್ಕ? ಮರದ ಹಿಂಬದಿಗೆ ಹೋಗಿ ಬುಡಕ್ಕೆ ಹಾಕಿದರು. ಮತ್ತೆ ಹಾಕಿದರು. ಹೊಸ ಮಣ್ಣು, ಸಲೀಸಾಗಿ ಬಂತು. ಮಣ್ಣಿನ ಜೊತೆ ಬೆರಳುದ್ದದ ಬಿಳಿ ಎಲುಬೊಂದು ಅವರ ಚಪ್ಪಲಿಯ ಮೇಲೆ ಬಂದು ಬಿತ್ತು. ಅವರು ಗುದ್ದಲಿ ಬಿಟ್ಟರು. ಚಪ್ಪಲಿಯನ್ನೂ ಬಿಟ್ಟರು. ಹಿಂದಕ್ಕೆ ಹಿಂದಕ್ಕೆ ನಡೆದು ಬಾಗಿಲ ಮೆಟ್ಟಿಲಿಗೆ ತಾಗಿ ಕೂತರು.

ನೆಂಟರಲ್ಲಿ ಹಿರಿಯ ಹೆಂಗಸೊಬ್ಬಳು, "ಅಮಾವಾಸ್ಯೆ ದಿನ ಹೆಣ ದಾಟಿ ಹೋಗಬಾರದು," ಎಂದಳು. ಮುಂದಿನ ಗೇಟಿಗೆ ಹೋಗಬೇಕಾದರೆ ಆ ಮರದ ಗರಿಯ ಅಡಿಯಲ್ಲೇ ಹಾಯಬೇಕು. ಯಾರಿಗೂ ಧೈರ್ಯ ಬರಲಿಲ್ಲ. ಬೇರೆ ದಾರಿ ಎಲ್ಲಿದೆ ಎಂದು ಕೇಳಿದರು. ಮಂಜಣ್ಣ ಕೈ ಮಾಡಿ ತೋರಿಸಿದ.

ನೆಂಟರೆಲ್ಲ ಹಿತ್ತಲಿಗೆ ನಡೆದರು. ಅವರನ್ನು ಕಳಿಸಿಕೊಡಲು ರಾಜಶೇಖರ್ ಬರಿಗಾಲಲ್ಲಿ, ಅನುಪಮಾ ಕೈ ಒರೆಸಿಕೊಳ್ಳುತ್ತ, ಹಿಂದೆಯೇ ಹೋದರು. ರೇಷ್ಮೆ ಸೀರೆ ಮೊಣಕಾಲಿಗೆ ಎತ್ತಿಕೊಂಡು ಸಿಮೆಂಟಿನ ರಾಡಿ ತುಳಿದರು. ತಮ್ಮದೇ ಹೊಲಸಿನ ಗುಂಡಿಯನ್ನು ಮೂಗು ಮುಚ್ಚಿಕೊಂಡು ದಾಟಿದರು. ತಗಡಿನ ಗೇಟಿನ ತಂತಿ ಯಾರದೋ ಸೆರಗು ಹರಿಯಿತು. ಜಾಲಿ ಪೊದೆಯ ಪಕ್ಕದಲ್ಲಿ ಒಬ್ಬೊಬ್ಬರಾಗಿ ಹೊರಗೆ ಬಿದ್ದರು. ಹುಲಿಗೆಮ್ಮ ಎದ್ದು ನಿಂತು, ಕೊನೆಯವರು ದಾಟುವವರೆಗೂ ನೋಡಿದಳು.

ಆಮೇಲೆ ಎಲುಬನ್ನು ಸೆರಗಿನಲ್ಲಿ ಒರೆಸಿ ಮೊದಲಿದ್ದ ಜಾಗಕ್ಕೆ ಇಟ್ಟಳು. ಚೂರಿಯನ್ನೂ ಅದರ ಜೊತೆಗಿಟ್ಟು ಮಣ್ಣು ಮುಚ್ಚಿದಳು. ಕಾಟಲಿಂಗಪ್ಪ ಮರಗಳ ಪೈಪು ಎತ್ತಿ ಅವಳತ್ತ ಚಾಚಿದ. ಅವಳು ಬಾಯಿ ಹಚ್ಚಿ, ಹೊಟ್ಟೆ ತಣ್ಣಗಾಗುವವರೆಗೆ ಕುಡಿದಳು. ಮಹಡಿಯ ಮೇಲೆ ನೋಡುವವರು ಯಾರೂ ಇರಲಿಲ್ಲ.

ನಾಳೆ ಪೊಲೀಸರು ಬರಬಹುದು. ಜೆಸಿಬಿಯೂ ಬರಬಹುದು. ಅವಳಿಗೆ ಗೊತ್ತಿತ್ತು. ಬಂದರೆ ಇಲ್ಲೇ ಕೂತಿರುತ್ತೇನೆ, ಇಬ್ಬರನ್ನೂ ಒಟ್ಟಿಗೆ ಕೀಳಲಿ ಎಂದುಕೊಂಡಳು. ಎಲೆಯ ಮುಂದೆ ಕೂತು, ಅವ್ವನ ಮುದ್ದೆಯಿಂದ ಒಂದು ತುತ್ತು ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡಳು. ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ಅವಳು ಈಚಲಿನ ಮೈಗೆ ಬೆನ್ನು ಕೊಟ್ಟು ಒರಗಿದಳು.

"ಬಾಟ್ಲಿ ಹಾಕ್ಸ್ಕಂಡಿದ್ದು ಸಾಕು ಕಣವ್ವ," ಎಂದಳು. "ಒಂದೀಟು ಅತ್ತಾಗೆ ಸರ್ಕ. ನಾನೂ ನೆಳ್ಳಾಗೆ ಕುಂತ್ಕಂತೀನಿ."